ಪಟ್ಟಾಭಿರಾಮ ರೆಡ್ಡಿ, ತಿಕ್ಕವರಪು (1919–2006)

ಕವಿ, ಚಲನಚಿತ್ರ ನಿರ್ಮಾಪಕ, ನಿರ್ದೇಶಕ, ಸಮಾಜವಾದಿ ಕಾರ್ಯಕರ್ತ. ಹುಟ್ಟಿದ್ದು 1919ರ ಫೆಬ್ರವರಿ 19ರಂದು ನೆಲ್ಲೂರಿನಲ್ಲಿ, ಅನುಕೂಲಸ್ಥ ಮನೆತನದಲ್ಲಿ. ತೆಲುಗರು ಇವರನ್ನು ನೆನೆಯುವುದು ಛಂದಸ್ಸಿನ ಮೇಲೆ ತಿರುಗಿಬಿದ್ದ ಕವಿಯೆಂದು, 'ಪಟ್ಟಾಭಿ' ಎಂಬ ಹೆಸರಿನಿಂದ. ಕನ್ನಡಿಗರಿಗೆ ಇವರು 'ಸಂಸ್ಕಾರ' ಚಿತ್ರದ ನಿರ್ಮಾಪಕ ಮತ್ತು ನಿರ್ದೇಶಕ. ಕನ್ನಡದಲ್ಲಿ ಇವರು ಮಾಡಿದ ಚಿತ್ರಗಳು ನಾಲ್ಕೇ. ಆದರೂ ಕನ್ನಡ ಚಿತ್ರರಂಗದ ಚರಿತ್ರೆಯನ್ನು ಇವರ ಹೆಸರು ಬಿಟ್ಟು ಬರೆಯಲಾಗದು. ತುರ್ತುಪರಿಸ್ಥಿತಿಯ ಕಾಲದ ಕರ್ನಾಟಕದ ಚರಿತ್ರೆಯನ್ನು ಇವರ ಮನೆಯವರ ಹೆಸರು ಬಿಟ್ಟು ಬರೆಯಲಾಗದು.

ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರ ಕೊನೆಯ ವರ್ಷಗಳಲ್ಲಿ ವಿದ್ಯಾರ್ಥಿಯಾಗಿದ್ದ ಪಟ್ಟಾಭಿ ಕಲ್ಕತ್ತೆಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಆಮೇಲೆ ಗಣಿತ ಕಲಿಯಲು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. 1939ರಲ್ಲಿ ಹೊರಬಂದ 'ಫಿಡೇಲು ರಾಗಾಲ ಡಜನ್' ಹನ್ನೆರಡು ಕವಿತೆಗಳ ಸಣ್ಣ ಪುಸ್ತಕ. ಮದ್ರಾಸಿನ ಬೀದಿ, ಸಿನಿಮಾ, ಇಂಗ್ಲಿಷ್ ಬೆರೆತ ಆಡುಮಾತು ಎಲ್ಲವೂ ಅದರೊಳಗೆ ನುಗ್ಗಿದ್ದವು. ಅದಕ್ಕೆ ಮುನ್ನುಡಿ ಬರೆದವರು ಮಹಾಕವಿ ಶ್ರೀ ಶ್ರೀ. ವ್ಯಾಕರಣ ಮತ್ತು ಛಂದಸ್ಸನ್ನು ಬೇಕೆಂದೇ ಮುರಿದ ಈ ಕವಿತೆಗಳ ಬಗ್ಗೆ ತೆಲುಗು ವಿದ್ವಾಂಸರು ಬಹುಕಾಲ ಸಿಟ್ಟಾಗಿದ್ದರು. ಮುಂದೆ ಸಿನಿಮಾದಲ್ಲೂ ಇದೇ ಛಲ ಕೆಲಸ ಮಾಡಿತು. ಆದರೆ ಅದಕ್ಕೆ ಮೂವತ್ತು ವರ್ಷ ಹಿಡಿಯಿತು.

ನಡುವೆ ಇದ್ದದ್ದು ಪೇಟೆಯ ಸಿನಿಮಾ. ಮದ್ರಾಸಿನ ಜಯಂತಿ ಪಿಕ್ಚರ್ಸ್ ಸಂಸ್ಥೆಯಲ್ಲಿ ಪಟ್ಟಾಭಿ ಪಾಲುದಾರರು. 'ಮಾಯಾಬಜಾರ್' ಖ್ಯಾತಿಯ ಕೆ.ವಿ. ರೆಡ್ಡಿ ಈ ಸಂಸ್ಥೆಗೆ 'ಪೆಳ್ಳಿನಾಟಿ ಪ್ರಮಾಣಾಲು' (1958), 'ಶ್ರೀಕೃಷ್ಣಾರ್ಜುನ ಯುದ್ಧಮು' (1963), 'ಭಾಗ್ಯಚಕ್ರಮು' (1968) ಚಿತ್ರಗಳನ್ನು ನಿರ್ದೇಶಿಸಿದರು. ಎರಡನೆಯದರಲ್ಲಿ ಎನ್.ಟಿ. ರಾಮರಾವ್ ಕೃಷ್ಣನಾದರೆ ಅಕ್ಕಿನೇನಿ ನಾಗೇಶ್ವರರಾವ್ ಅರ್ಜುನ. ತಾರೆಯರು, ಸೆಟ್ಟು, ಹಾಡು, ಹಂಚಿಕೆದಾರರ ಮುಂಗಡ ಎಲ್ಲವೂ ಇದ್ದ ಲೋಕ ಅದು. ಆ ಲೋಕದ ಒಳಹೊರಗನ್ನು ಬಲ್ಲವರಾಗಿಯೇ ಪಟ್ಟಾಭಿ ಅದರಿಂದ ಹೊರಬಿದ್ದರು. ಮುಂದೆ ಬಂದ ಹೊಸ ಅಲೆಯ ಚಿತ್ರಗಳ ಬಹುಪಾಲು ನಿರ್ದೇಶಕರಿಗೆ ಇಂಥ ಅನುಭವ ಇರಲಿಲ್ಲ.

ಹೊರಬೀಳಲು ಕಾರಣ ಎರಡು. ಒಂದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಪ್ರಭಾವ. ಇನ್ನೊಂದು, ಪತ್ನಿ ಸ್ನೇಹಲತಾ. 1932ರಲ್ಲಿ ಆಂಧ್ರದ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಸ್ನೇಹಲತಾ ಬ್ರಿಟಿಷರ ಮೇಲಿನ ಸಿಟ್ಟಿಗೆ ತನ್ನ ಕ್ರೈಸ್ತ ಹೆಸರನ್ನೇ ಬಿಟ್ಟು ಈ ಹೆಸರು ಇಟ್ಟುಕೊಂಡವರು. ಕಿಟ್ಟಪ್ಪ ಪಿಳ್ಳೆಯವರಲ್ಲಿ ಭರತನಾಟ್ಯ ಕಲಿತಿದ್ದರು. 'ಮದ್ರಾಸ್ ಪ್ಲೇಯರ್ಸ್' ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಆಗ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದ ಗಿರೀಶ ಕಾರ್ನಾಡರೂ ಈ ತಂಡದ ಒಡನಾಡಿ. 'ಸಂಸ್ಕಾರ' ಚಿತ್ರ ಹುಟ್ಟಿದ್ದು ಈ ಒಡನಾಟದಿಂದ. ಚಿತ್ರೋದ್ಯಮದ ನೆಲೆಗಳಾದ ಬೆಂಗಳೂರಿನ ಗಾಂಧಿನಗರಕ್ಕೂ ಮದ್ರಾಸಿನ ಕೋಡಂಬಾಕಕ್ಕೂ ಅದರಲ್ಲಿ ಪಾತ್ರವಿಲ್ಲ.

ಸಂಸ್ಕಾರ

ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದ 'ಸಂಸ್ಕಾರ' ಕಾದಂಬರಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ 1965ರಲ್ಲಿ ಪ್ರಕಟವಾಗಿತ್ತು. ದೂರ್ವಾಸಪುರದ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ, ಚಂದ್ರಿಯನ್ನು ಇಟ್ಟುಕೊಂಡು, ಮಾಂಸ ತಿಂದು, ಕುಡಿದು ಬಾಳಿದವನು. ಅವನ ಶವಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವ ತನಕ ಯಾರೂ ಉಣ್ಣುವಂತಿಲ್ಲ. ವೇದಾಂತ ಶಿರೋಮಣಿ ಪ್ರಾಣೇಶಾಚಾರ್ಯ ಧರ್ಮಶಾಸ್ತ್ರದಲ್ಲಿ ಉತ್ತರ ಹುಡುಕುತ್ತಾ ಕೂರುತ್ತಾರೆ. ಆಗ ಚಂದ್ರಿ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದಿಡುತ್ತಾಳೆ, ಸಂಸ್ಕಾರದ ಖರ್ಚಿಗೆ. ಮುಟ್ಟಲಾರೆವೆಂದು ಹಿಂದೆ ಸರಿದಿದ್ದ ಬ್ರಾಹ್ಮಣರಿಗೆ ಆ ಚಿನ್ನ ಕಂಡದ್ದೇ ಆಸೆ ಹುಟ್ಟುತ್ತದೆ. ಒಬ್ಬನಿಗೆ ಸಿಗುವುದಕ್ಕೆ ಇನ್ನೊಬ್ಬ ಅಡ್ಡ ಬರುತ್ತಾನೆ. ಚಿತ್ರದಲ್ಲಿ ಈ ದೃಶ್ಯಕ್ಕೆ ಹಿನ್ನೆಲೆಯ ಅಬ್ಬರವಿಲ್ಲ. ಮುಖದಿಂದ ಮುಖಕ್ಕೆ ಸಾಗುವ ಕ್ಯಾಮೆರಾ ಅಷ್ಟೇ. ಚಂದ್ರಿಯಾಗಿ ಸ್ನೇಹಲತಾ ಹೆಚ್ಚು ಮಾತಾಡುವುದೂ ಇಲ್ಲ. ಇಡೀ ಅಗ್ರಹಾರದಲ್ಲಿ ಸತ್ತವನಿಗೆ ಏನು ಮಾಡಬೇಕೆಂದು ನೇರವಾಗಿ ಬಲ್ಲವಳು ಅವಳೊಬ್ಬಳೇ ಎಂಬುದು ಆ ನಿಲುವಿನಲ್ಲೇ ತಿಳಿಯುತ್ತದೆ.

ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಕಾರ್ನಾಡರು, ಚಿತ್ರಕಥೆಯೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್. ಛಾಯಾಗ್ರಾಹಕ ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಕಲನ ಸ್ಟೀವನ್ ಕಾರ್ಟಾ. ಕಲಾನಿರ್ದೇಶನ ಚೋಳಮಂಡಲ ಕಲಾವಿದರ ಗ್ರಾಮದ ಚಿತ್ರಕಾರ ಎಸ್.ಜಿ. ವಾಸುದೇವ್ ಅವರದು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಕೆ.ವಿ. ರೆಡ್ಡಿಯವರ ಗರಡಿಯಲ್ಲಿ ಪಳಗಿದ ಸಿಂಗೀತಂ ಶ್ರೀನಿವಾಸರಾವ್ ಕಾರ್ಯನಿರ್ವಾಹಕ ನಿರ್ದೇಶಕರು. ಮುಂದೆ ರಾಜ್‌ಕುಮಾರ್ ಅವರ 'ಹಾಲು ಜೇನು' ನಿರ್ದೇಶಿಸಿದವರು ಇವರೇ. ತಂಡದಲ್ಲಿ ವೃತ್ತಿಪರ ಚಿತ್ರನಟರು ವಿರಳ. ಕವಿಗಳು, ಅಧ್ಯಾಪಕರು, ಹವ್ಯಾಸಿ ರಂಗಕರ್ಮಿಗಳೇ ಹೆಚ್ಚು.

ಚಿತ್ರೀಕರಣಕ್ಕೆ ಮೊದಲು ಆಲೋಚಿಸಿದ್ದು ಶಿವಮೊಗ್ಗದ ಬಳಿಯ ಮತ್ತೂರನ್ನು. ಕಥಾವಸ್ತು ತಿಳಿದ ಊರವರು ಒಪ್ಪಲಿಲ್ಲ. ಕೊನೆಗೆ ಒದಗಿದ್ದು ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಸಮೀಪದ ವೈಕುಂಠಪುರ. ಇದು ತುಂಗೆಯ ದಡದ ಮಲೆನಾಡು. ಅನಂತಮೂರ್ತಿಯವರ ತೀರ್ಥಹಳ್ಳಿ ಸೀಮೆಗೂ ವೈಕುಂಠಪುರಕ್ಕೂ ಮಣ್ಣು, ಮಳೆ, ಮನೆಯ ಮಾಡು, ಅಂಗಳದ ಹದ ಎಲ್ಲ ಒಂದೇ. ಕಪ್ಪುಬಿಳುಪಿನಲ್ಲಿ ಕಾಣುವ ಆ ಜಗಲಿಗಳು ಸೆಟ್ಟು ಹಾಕಿದವಲ್ಲ.

ನಿರ್ಮಾಪಕನ ಕೆಲಸ ಎಂಥದೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಬಾಡಿಗೆ, ತಾರಾ ಸಂಭಾವನೆ, ಹಾಡುಗಳ ಚಿತ್ರೀಕರಣ, ನೃತ್ಯ ತಂಡ ಎಂದು ಹಣ ಕರಗುತ್ತಿತ್ತು. ಹಾಕಿದ ಹಣ ಹಿಂದಕ್ಕೆ ಬರಬೇಕಾದರೆ ಹಂಚಿಕೆದಾರ ಕೇಳಿದ್ದೆಲ್ಲ ಚಿತ್ರದಲ್ಲಿ ಇರಬೇಕಿತ್ತು. ಪಟ್ಟಾಭಿ ಈ ಲೆಕ್ಕವನ್ನೇ ತಿರುಗಿಸಿದರು. ಹಾಡಿಲ್ಲ, ತಾರೆಯಿಲ್ಲ, ಸ್ಟುಡಿಯೋ ಇಲ್ಲ. ಇಡೀ ಚಿತ್ರ ಒಂದು ಲಕ್ಷ ರೂಪಾಯಿಯ ಒಳಗೆ ಮುಗಿಯಿತು. ಕಳೆದುಕೊಂಡರೂ ತಡೆದುಕೊಳ್ಳಬಹುದಾದಷ್ಟೇ ಹಣ ಹೂಡುವುದು, ಬದಲಿಗೆ ಯಾರ ಮಾತನ್ನೂ ಕೇಳದೆ ಚಿತ್ರ ಮಾಡುವುದು ಎಂಬ ಸೂತ್ರ ಕನ್ನಡದಲ್ಲಿ ನೆಲೆಯಾದದ್ದು ಹೀಗೆ. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' 1964ರಲ್ಲೇ ಬಂದಿತ್ತು, ನಿಜ. ಆದರೆ ಅದು ಚಿತ್ರೋದ್ಯಮದ ಒಳಗಿನಿಂದ, ರಾಜ್‌ಕುಮಾರ್ ಅವರನ್ನೇ ನಾಯಕನಾಗಿ ಇಟ್ಟುಕೊಂಡು ಮಾಡಿದ ಪ್ರಯೋಗ.

ಚಿತ್ರಸಂಸ್ಥೆಗೆ ಪಟ್ಟಾಭಿ ಇಟ್ಟ ಹೆಸರು 'ರಾಮಮನೋಹರ ಚಿತ್ರ'. ಲೋಹಿಯಾ 1967ರ ಅಕ್ಟೋಬರ್ 12ರಂದು ತೀರಿಕೊಂಡಿದ್ದರು. ದೇವರ ಹೆಸರಿನಲ್ಲೋ ಮಕ್ಕಳ ಹೆಸರಿನಲ್ಲೋ ಚಿತ್ರಸಂಸ್ಥೆ ತೆರೆಯುವ ಉದ್ಯಮದಲ್ಲಿ ಒಬ್ಬ ರಾಜಕಾರಣಿಯ ಹೆಸರು, ಅದೂ ಅಧಿಕಾರದ ಹತ್ತಿರವೂ ಸುಳಿಯದವನ ಹೆಸರು. ಅನಂತಮೂರ್ತಿ, ಲಂಕೇಶ್ ಇಬ್ಬರ ಚಿಂತನೆಯಲ್ಲೂ ಲೋಹಿಯಾ ಇದ್ದರು. ಜಾತಿಯನ್ನು ಎದುರಿಸದೆ ಸಮಾನತೆಯ ಮಾತಾಡಿ ಫಲವಿಲ್ಲವೆಂಬುದು ಲೋಹಿಯಾ ವಾದದ ತಿರುಳು. ಗೇಣಿದಾರರ ಕಾಗೋಡು ಸತ್ಯಾಗ್ರಹದಲ್ಲಿ ಸ್ವತಃ ಬಂದು ಸೆರೆಯಾದ ಲೋಹಿಯಾ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ರಾಜಕಾರಣ, ಮಲೆನಾಡಿನ ಅಗ್ರಹಾರದ ಕಥೆ ಇವೆಲ್ಲ ಒಂದೇ ಹೊಳೆಯ ಕವಲುಗಳು. ಆ ಹೊಳೆಗೆ ನೆಲ್ಲೂರಿನ ತೆಲುಗು ಕವಿಯೊಬ್ಬ ಬಂದು ಸೇರಿದ್ದು ಕನ್ನಡದ ಭಾಗ್ಯ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಬ್ರಾಹ್ಮಣ ಸಮುದಾಯದ ಮನಸ್ಸು ನೋಯುತ್ತದೆ, ಜಾತಿ ಕಲಹಕ್ಕೆ ದಾರಿಯಾಗುತ್ತದೆ ಎಂಬುದು ಆಕ್ಷೇಪ. ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮಧ್ಯೆ ಪ್ರವೇಶಿಸಿದ ಮೇಲೆ ನಿಷೇಧ ತೆರವಾಗಿ 1970ರಲ್ಲಿ ಚಿತ್ರ ಬಿಡುಗಡೆಯಾಯಿತು. ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣಪದಕ ಅದಕ್ಕೇ ಬಂತು. ಈ ಗೌರವ ಪಡೆದ ಮೊದಲ ಕನ್ನಡ ಚಿತ್ರ 'ಸಂಸ್ಕಾರ'. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಕಂಚಿನ ಚಿರತೆ ದೊರೆಯಿತು. ಒಂದು ಕೈಯಿಂದ ತಡೆದು ಇನ್ನೊಂದು ಕೈಯಿಂದ ಪದಕ ತೊಡಿಸುವ ಸರ್ಕಾರಿ ಚಾಳಿ ಅಂದಿನಿಂದಲೂ ಬಂದದ್ದು.

ಪರಿಣಾಮ ಬೇಗ ಕಾಣಿಸಿತು. 1971ರಲ್ಲಿ ಜಿ.ವಿ. ಅಯ್ಯರ್ ನಿರ್ಮಿಸಿದ 'ವಂಶವೃಕ್ಷ'ವನ್ನು ಕಾರ್ನಾಡ್ ಮತ್ತು ಬಿ.ವಿ. ಕಾರಂತ ನಿರ್ದೇಶಿಸಿದರು. 1973ರಲ್ಲಿ 'ಕಾಡು' ಮತ್ತು 'ಅಬಚೂರಿನ ಪೋಸ್ಟಾಫೀಸು' ಬಂದವು. ಎಪ್ಪತ್ತರ ದಶಕದಲ್ಲೇ ಕಾರಂತರ 'ಚೋಮನ ದುಡಿ' (1975) ಮತ್ತು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಸ್ವರ್ಣಕಮಲ ಪಡೆದವು. ಎರಡನೆಯದು ಅನಂತಮೂರ್ತಿಯವರದೇ ಕಥೆ, ಮತ್ತೆ ಅಗ್ರಹಾರವೇ. ಲಂಕೇಶರು 'ಪಲ್ಲವಿ' (1976) ಮಾಡಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ನಟಿಸಲು ಬಂದವರೇ ನಿರ್ದೇಶಕರಾಗಿ ಹೊರಟ ಚಿತ್ರ ಭಾರತದಲ್ಲಿ ಇನ್ನೊಂದು ಸಿಗುವುದು ಕಷ್ಟ.

'ಸಂಸ್ಕಾರ' ಯಾರ ಚಿತ್ರ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಬೆಳಕು ಮತ್ತೊಬ್ಬರದು. ಹೀಗಿರುವಾಗ ನಿರ್ದೇಶಕರಿಗೆ ಉಳಿದದ್ದೇನು ಎಂದು ಕೇಳುವವರಿದ್ದಾರೆ. ಪಟ್ಟಾಭಿ ಆಮೇಲೆ ಮಾಡಿದ ಚಿತ್ರಗಳು ಈ ಎತ್ತರ ಮುಟ್ಟಲಿಲ್ಲವೆಂಬುದೂ ಈ ಅನುಮಾನಕ್ಕೆ ಗಾಳಿ ಹಾಕಿತು. ದೃಶ್ಯಭಾಷೆಯ ಹೆಚ್ಚಿನ ಪಾಲು ಕೋವನ್ ಅವರದೆಂದು ಒಪ್ಪೋಣ. ಆದರೆ ಈ ಎಲ್ಲರನ್ನೂ ಒಂದೂರಿಗೆ ಕರೆತಂದು, ಹಣ ತೊಡಗಿಸಿ, ಸೆನ್ಸಾರ್ ಕತ್ತರಿಗೆ ತಲೆಬಾಗದೆ ನಿಂತವರು ಒಬ್ಬರೇ. ಪಟ್ಟಾಭಿ ನಿರ್ದೇಶಕರಿಗಿಂತ ದೊಡ್ಡ ನಿರ್ಮಾಪಕರು.

ತುರ್ತುಪರಿಸ್ಥಿತಿ

ಮದ್ರಾಸು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದ ರೆಡ್ಡಿ ದಂಪತಿಗಳ ಮನೆ ಸಮಾಜವಾದಿಗಳು ಬಂದುಹೋಗುವ ತಾಣವಾಗಿತ್ತು. ಜಾರ್ಜ್ ಫರ್ನಾಂಡಿಸ್ ಹಳೆಯ ಗೆಳೆಯರು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾದಾಗ ಜಾರ್ಜ್ ಭೂಗತರಾದರು. ಮರುದಿನ ಬೆಂಗಳೂರಿನಲ್ಲಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾಗಿ ಇಲ್ಲಿನ ಕೇಂದ್ರ ಕಾರಾಗೃಹ ಸೇರಿದರು.

ಡೈನಮೈಟ್ ಸಂಗ್ರಹಿಸಿ ರೈಲುಹಳಿ, ಸೇತುವೆಗಳನ್ನು ಸ್ಫೋಟಿಸುವ ಸಂಚು ನಡೆದಿದೆಯೆಂಬ 'ಬರೋಡಾ ಡೈನಮೈಟ್' ಮೊಕದ್ದಮೆಯ ತನಿಖೆ 1976ರಲ್ಲಿ ಬೆಂಗಳೂರಿಗೂ ಚಾಚಿತು. ಮೇ 1ರಂದು ಜಾರ್ಜರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಎಳೆದೊಯ್ದು ಚಿತ್ರಹಿಂಸೆ ಕೊಟ್ಟರು. ಮೇ 2ರಂದು ಸ್ನೇಹಲತಾ ಬಂಧನವಾಯಿತು. ತಾರೀಖು ಗಮನಿಸಬೇಕು. ಕೇವಲ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯಲ್ಲಿ ಬಂಧಿತರಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆಯಡಿ ಒಳಗೆ ಹೋದವರಿಗೆ ಬಡಿಯಲು ಯಾವ ಬಾಗಿಲೂ ಉಳಿದಿರಲಿಲ್ಲ.

ಸ್ನೇಹಲತಾ ಅವರನ್ನು ಇಟ್ಟದ್ದು ಒಬ್ಬರಿಗಷ್ಟೇ ಸಾಲುವ ಸಣ್ಣ ಕೋಣೆಯಲ್ಲಿ. ಒಂದು ಕಡೆ ಕಬ್ಬಿಣದ ಸರಳು, ಇನ್ನೊಂದು ತುದಿಯಲ್ಲಿ ಶೌಚಕ್ಕೆ ಒಂದು ಕಿಂಡಿ. ಮೊದಲೇ ಆಸ್ತಮಾ ಇತ್ತು, ಅಲ್ಲಿ ಉಲ್ಬಣಿಸಿತು. ತಕ್ಕ ಚಿಕಿತ್ಸೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ದಂಡವತೆ, ರಾತ್ರಿಯ ನೀರವದಲ್ಲಿ ಅವರ ಚೀರಾಟ ಕೇಳಿಸುತ್ತಿತ್ತೆಂದು ಮುಂದೆ ಬರೆದಿದ್ದಾರೆ. ಇಷ್ಟರ ನಡುವೆಯೂ ಸ್ನೇಹಲತಾ ದಿನಚರಿ ಬರೆದರು. ಹೆಣ್ಣು ಕೈದಿಗಳನ್ನು ಹೊಡೆಯುವುದರ ವಿರುದ್ಧ ಜಗಳ ತೆಗೆದರು. ಊಟ ಸುಧಾರಿಸಲೆಂದು ಉಪವಾಸ ಕೂತರು. ಸಣ್ಣಪುಟ್ಟ ಕಳವಿಗೆ, ಹೊಟ್ಟೆಪಾಡಿನ ತಪ್ಪಿಗೆ ಒಳಬಂದ ಹೆಂಗಸರಿಗೆ ಹಾಡು, ಆಟ ಕಲಿಸಿದರು. ಆ ದಿನಚರಿಯಲ್ಲಿ ದೊಡ್ಡ ರಾಜಕೀಯದ ಮಾತು ಕಡಿಮೆ. ತನಗಿಂತ ನಿರ್ಗತಿಕರಾದವರ ಬಗ್ಗೆ ಬರೆದದ್ದೇ ಹೆಚ್ಚು.

ಜಾರ್ಜ್ 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕರು. ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಜಾರ್ಜ್ ಮತ್ತು ಇತರ 24 ಮಂದಿಯ ಹೆಸರುಗಳಿದ್ದವು. ಸ್ನೇಹಲತಾ ಹೆಸರು ಅದರಲ್ಲಿ ಇರಲೇ ಇಲ್ಲ. ಆದರೂ ಬಿಡುಗಡೆಯಾಗಲಿಲ್ಲ. ಎಂಟು ತಿಂಗಳ ಮೇಲೆ, ದೇಹ ಪೂರ್ತಿ ಸೋತ ನಂತರ, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಕಳಿಸಿದರು. ಐದು ದಿನಕ್ಕೆ, ಜನವರಿ 20ರಂದು, ತೀರಿಕೊಂಡರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ಕೊನೆಗೊಂಡಿತು. ಅದೇ ವರ್ಷ ಮಾನವ ಹಕ್ಕುಗಳ ಸಮಿತಿಯೊಂದು ಅವರ ಜೈಲು ದಿನಚರಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು.

ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಕರ್ನಾಟಕದಲ್ಲಿ ತುರ್ತುಪರಿಸ್ಥಿತಿ ಅಷ್ಟು ಕಟುವಾಗಿರಲಿಲ್ಲ, ಭೂಸುಧಾರಣೆಯಂಥ ಒಳ್ಳೆಯ ಕೆಲಸಗಳಾದವು ಎಂದು ಹೇಳುವವರು ಈಗಲೂ ಇದ್ದಾರೆ. ಗೇಣಿದಾರರಿಗೆ ನೆಲ ಸಿಕ್ಕದ್ದು ಸುಳ್ಳಲ್ಲ. ಆ ಮಾತನ್ನು ಹೇಳುವಾಗ ಬೆಂಗಳೂರು ಜೈಲಿನ ಆ ಕೋಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇತಿಹಾಸದ ವ್ಯಂಗ್ಯ ಇನ್ನೊಂದಿದೆ. ಸ್ನೇಹಲತಾ ತೀರಿಕೊಂಡ ಮರುವರ್ಷ, 1978ರ ನವೆಂಬರಿನಲ್ಲಿ, ಇಂದಿರಾ ಗಾಂಧಿ ಲೋಕಸಭೆಗೆ ಮರಳಿದ್ದು ಚಿಕ್ಕಮಗಳೂರು ಕ್ಷೇತ್ರದಿಂದಲೇ. ಎದುರಾಳಿ ವೀರೇಂದ್ರ ಪಾಟೀಲರ ಮೇಲೆ 70,000ಕ್ಕೂ ಹೆಚ್ಚು ಮತಗಳ ಅಂತರ. ವಿರೋಧಿ ಪ್ರಚಾರದ ಮುಂದಾಳಾಗಿ ಹಳ್ಳಿಹಳ್ಳಿ ತಿರುಗಿದವರು ಜಾರ್ಜ್ ಫರ್ನಾಂಡಿಸ್. ಚಂದ್ರಿಯ ಪಾತ್ರ ಜೀವ ತಳೆದ ವೈಕುಂಠಪುರವೂ ಇರುವುದು ಅದೇ ಜಿಲ್ಲೆಯಲ್ಲಿ.

ನಂತರದ ಚಿತ್ರಗಳು

ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿದ 'ಚಂಡಮಾರುತ' 1977ರಲ್ಲಿ ಬಂತು. ಕ್ರಾಂತಿಯ ಮಾತು ಮತ್ತು ಬದುಕಿನ ನಡುವಣ ಬಿರುಕು ಅದರ ವಸ್ತು. ತುರ್ತುಪರಿಸ್ಥಿತಿಯ ನೆರಳು ಅದರ ಮೇಲಿದೆ. 1984ರ 'ಶೃಂಗಾರ ಮಾಸ' ಹೆಚ್ಚು ಜನರನ್ನು ಮುಟ್ಟಲಿಲ್ಲ. ಹತ್ತಿರ ಹತ್ತಿರ ಎಪ್ಪತ್ತೈದರ ವಯಸ್ಸಿನಲ್ಲಿ ಮಾಡಿದ 'ದೇವರ ಕಾಡು' 1993ರ ಸಾಲಿನಲ್ಲಿ ಪರಿಸರ ಸಂರಕ್ಷಣೆ ಕುರಿತ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಚಿತ್ರದಿಂದ ಚಿತ್ರಕ್ಕೆ ಏಳು, ಒಂಬತ್ತು ವರ್ಷಗಳ ಅಂತರ. ಚಿತ್ರ ಮಾಡಿ ಬದುಕಬೇಕಾದ ಒತ್ತಾಯ ಇಲ್ಲದವರ ನಡೆ ಇದು. ಅದರ ಲಾಭವೂ ಇತ್ತು, ನಷ್ಟವೂ ಇತ್ತು. ಯಾರ ಮುಲಾಜಿಗೂ ಬೀಳಬೇಕಾಗಿರಲಿಲ್ಲ. ಹಾಗೆಯೇ ಕಸುಬು ಹದಗೊಳ್ಳುವಷ್ಟು ಅಭ್ಯಾಸವೂ ಆಗಲಿಲ್ಲ.

ಮನೆಯ ಮುಂದಿನ ಕೆಲಸ

ರೆಡ್ಡಿ ದಂಪತಿಗಳಿಗೆ ಇಬ್ಬರು ಮಕ್ಕಳು. ಮಗ ಕೊನಾರಕ್ ಗಿಟಾರ್ ವಾದಕ, ಸಂಗೀತ ಸಂಯೋಜಕ. ಮಗಳು ನಂದನಾ ಕಾರ್ಮಿಕ ಸಂಘಟನೆಯ ಕೆಲಸಕ್ಕಿಳಿದು, ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳನ್ನು ಕಂಡು, ಸಂಗಾತಿಗಳೊಂದಿಗೆ ದುಡಿಯುವ ಮಕ್ಕಳ ಪರವಾದ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' (ಸಿ.ಡಬ್ಲ್ಯು.ಸಿ.) ಸಂಸ್ಥೆಯನ್ನು ಕಟ್ಟಿದರು. 1985ರಲ್ಲಿ ಅದು ನೋಂದಣಿಯಾಯಿತು. ಬಾಲಕಾರ್ಮಿಕರ ಕುರಿತು ಈ ಸಂಸ್ಥೆ ಸಿದ್ಧಪಡಿಸಿದ ಕರಡು ಮಸೂದೆ 1986ರ ಕೇಂದ್ರ ಕಾಯ್ದೆಯ ಹಿಂದಿನ ಚರ್ಚೆಗೆ ಒತ್ತು ಕೊಟ್ಟಿತು. 1990ರಲ್ಲಿ ದುಡಿಯುವ ಮಕ್ಕಳದೇ ಆದ 'ಭೀಮ ಸಂಘ' ಹುಟ್ಟಿತು. 1996ರಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳು ಕುಂದಾಪುರದಲ್ಲಿ ಸೇರಿ ತಮ್ಮ ಬೇಡಿಕೆಗಳ ಘೋಷಣೆ ಹೊರಡಿಸಿದರು.

ಈ ಸಂಸ್ಥೆಯ ನಿಲುವು ವಿವಾದಕ್ಕೆ ಹೊರತಲ್ಲ. ಮಕ್ಕಳ ದುಡಿಮೆಯನ್ನು ಒಂದೇ ಏಟಿಗೆ ನಿಷೇಧಿಸಿದರೆ ಮಕ್ಕಳು ಇನ್ನೂ ಕತ್ತಲೆಯ ಕೆಲಸಕ್ಕೆ ತಳ್ಳಲ್ಪಡುತ್ತಾರೆ, ಅವರ ಮಾತನ್ನೂ ಕೇಳಿ ತೀರ್ಮಾನಿಸಿ ಎನ್ನುವುದು ಅದರ ವಾದ. ಸಂಪೂರ್ಣ ನಿಷೇಧ ಬೇಕೆನ್ನುವವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಕರಾವಳಿಯ ಹಳ್ಳಿಗಳಲ್ಲಿ ಅದು ನಡೆಸಿದ ಮಕ್ಕಳ ಪಂಚಾಯತಿಯ ಪ್ರಯೋಗದ ಫಲ ರಾಜ್ಯದುದ್ದಕ್ಕೂ ಹರಡಿತು. ಇಂದು ಮಕ್ಕಳ ಗ್ರಾಮಸಭೆ ಕರ್ನಾಟಕದ ಗ್ರಾಮ ಪಂಚಾಯತಿಗಳೆಲ್ಲ ನಡೆಸಬೇಕಾದ ಸಭೆ. ಕುಂದಾಪುರದ ಹಳ್ಳಿಯಾಗಲಿ ಕಡೂರು ತಾಲ್ಲೂಕಿನ ಯಗಟಿಯಾಗಲಿ, ಶಾಲೆಯ ದಾರಿಗೆ ಸೇತುವೆಯಿಲ್ಲ, ಶೌಚಾಲಯಕ್ಕೆ ನೀರಿಲ್ಲ ಎಂದು ಮಕ್ಕಳು ಎದ್ದುನಿಂತು ಕೇಳಬಹುದು. 2012ರಿಂದ ಸತತ ಮೂರು ವರ್ಷ ಈ ಸಂಸ್ಥೆಯ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಅಷ್ಟರಲ್ಲಿ ಪಟ್ಟಾಭಿ ಇರಲಿಲ್ಲ. 2006ರ ಮೇ 6ರಂದು, 87ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾಗಿದ್ದರು.

ಪಟ್ಟಾಭಿಯವರ ಬಗ್ಗೆ ತೆಲುಗಿನಲ್ಲಿ ಬರೆದವರು ಚಿತ್ರಗಳನ್ನು ಬದಿಗಿಟ್ಟು ಕವಿತೆಯನ್ನಷ್ಟೇ ನೋಡಿದ್ದಾರೆ. ಕನ್ನಡದಲ್ಲಿ ಬರೆದವರು 'ಸಂಸ್ಕಾರ'ದ ಆಚೆಗೆ ಹೋಗಿಲ್ಲ. ಅಲ್ಲೂ ಮಾತು ಬೇಗನೆ ಅನಂತಮೂರ್ತಿ, ಕಾರ್ನಾಡರ ಕಡೆಗೆ ಹೊರಳುತ್ತದೆ. ಕವಿ, ನಿರ್ಮಾಪಕ, ಕಾರ್ಯಕರ್ತ ಮೂವರನ್ನೂ ಒಟ್ಟಿಗೆ ಇಟ್ಟು ನೋಡುವ ಒಂದು ಪೂರ್ಣ ಜೀವನಚರಿತ್ರೆ ಕನ್ನಡಕ್ಕೆ ಬೇಕು. 'ಸಂಸ್ಕಾರ' ನೋಡಿ ಮುಗಿಸಿದವರು ಸ್ನೇಹಲತಾ ಅವರ ಜೈಲು ದಿನಚರಿಯನ್ನೂ ತೆರೆದು ಓದಬೇಕು.